ಸಸ್ಯಸಾರದಿಂದ ಬೆಳ್ಳಿಯ ನ್ಯಾನೊಕಣಗಳನ್ನು ತಯಾರಿಸುವುದು ಹೇಗೆ? ಅವು ಔಷಧವಾಗಬಲ್ಲವೇ?

ನ್ಯಾನೊಕಣಗಳೆಂದರೆ ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಕಣಗಳು. ಅವನ್ನು ತಯಾರಿಸುವ ರಾಸಾಯನಿಕ ವಿಧಾನದಲ್ಲಿ ಸೋಡಿಯಂ ಬೋರೋಹೈಡ್ರೈಡ್‌ನಂತಹ ಅಪಕರ್ಷಣಕಾರಿ (ಎಲೆಕ್ಟ್ರಾನುಗಳನ್ನು ಕೊಡುವ ವಸ್ತು) ಮಾಡುವ ಕೆಲಸವನ್ನು ಇಲ್ಲಿ ಎಲೆ, ತೊಗಟೆ ಅಥವಾ ಬೇರಿನ ಕಷಾಯ ಮಾಡುತ್ತದೆ. ಎಲೆಗಳನ್ನು ಬಟ್ಟಿಯಿಳಿಸಿದ ನೀರಿನಲ್ಲಿ ಕುದಿಸಿ, ಸೋಸಿ, ಆ ಸಾರವನ್ನು ಬೆಳ್ಳಿ ನೈಟ್ರೇಟಿನ ತೆಳು ದ್ರಾವಣಕ್ಕೆ (ಸಾಮಾನ್ಯವಾಗಿ 1 ಮಿಲಿಮೋಲಾರ್) ಬೆರೆಸಿದಾಗ, ಅದರಲ್ಲಿರುವ ಪಾಲಿಫೀನಾಲ್, ಫ್ಲೇವನಾಯ್ಡ್ ಮುಂತಾದ ಸಸ್ಯಜನ್ಯ ರಾಸಾಯನಿಕಗಳು ಬೆಳ್ಳಿಯ ಅಯಾನುಗಳಿಗೆ ಎಲೆಕ್ಟ್ರಾನುಗಳನ್ನು ಕೊಟ್ಟು ಅವನ್ನು ಲೋಹವಾಗಿಸುತ್ತವೆ. ಅಷ್ಟೇ ಅಲ್ಲ, ಹುಟ್ಟಿದ ಕಣಗಳ ಮೇಲೆ ಹೊದಿಕೆಯಂತೆ ಕುಳಿತು, ಅವು ಒಂದಕ್ಕೊಂದು ಅಂಟಿ ಮುದ್ದೆಯಾಗದಂತೆಯೂ ತಡೆಯುತ್ತವೆ. ತಿಳಿಹಳದಿ ದ್ರಾವಣ ನೋಡನೋಡುತ್ತಲೇ ಕಂದು ಬಣ್ಣಕ್ಕೆ ತಿರುಗುವುದು ಮೊದಲ ಕುರುಹು. ಬೆಳಕಿನ ಹೀರಿಕೆಯನ್ನು ಅಳೆದರೆ 400ರಿಂದ 450 ನ್ಯಾನೊಮೀಟರ್ ತರಂಗಾಂತರದ ಆಸುಪಾಸಿನಲ್ಲಿ, ಬೆಳ್ಳಿಯ ನ್ಯಾನೊಕಣಗಳು ಹುಟ್ಟಿರುವುದನ್ನು ಸೂಚಿಸುವ ಶಿಖರವೊಂದು ಕಾಣುತ್ತದೆ.

ಈ ಕಣಗಳಿಂದ ಬಿಡುಗಡೆಯಾಗುವ ಬೆಳ್ಳಿಯ ಅಯಾನುಗಳು ಬ್ಯಾಕ್ಟೀರಿಯಾದ ಕೋಶಪೊರೆಯನ್ನೂ ಕಿಣ್ವಗಳನ್ನೂ ಕೆಡಿಸುವುದರಿಂದ, ಗಾಯದ ಪಟ್ಟಿ ಮತ್ತು ದೇಹದೊಳಗೆ ತೂರಿಸುವ ಕೊಳವೆಗಳಾದ ಕ್ಯಾಥೆಟರ್‌ಗಳ ಲೇಪನಕ್ಕೆ ಬೆಳ್ಳಿಯನ್ನು ಬಳಸುತ್ತಾರೆ. ಆದರೆ ಸಸ್ಯಮೂಲದ ಕಣಗಳ ಬಹುಪಾಲು ಕೆಲಸ ಇನ್ನೂ ಪ್ರಯೋಗಾಲಯದಲ್ಲೇ ಇದೆ. ನನ್ನ ದೃಷ್ಟಿಯಲ್ಲಿ ದೊಡ್ಡ ತೊಡಕೆಂದರೆ, ಋತು ಮತ್ತು ಮಣ್ಣು ಬದಲಾದಂತೆ ಒಂದೇ ಗಿಡದ ಸಾರವೂ ಬದಲಾಗಿ, ಪ್ರತಿ ತಯಾರಿಕೆಯಲ್ಲೂ ಕಣಗಳ ಗಾತ್ರ ವ್ಯತ್ಯಾಸವಾಗುವುದು. ಸಸ್ಯಸಾರ ಬಳಸುವ ಈ ವಿಧಾನವನ್ನು ‘ಹಸಿರು ವಿಧಾನ’ ಎಂದ ಮಾತ್ರಕ್ಕೆ ಕಣ ನಿರಪಾಯಕಾರಿಯಲ್ಲ: ಪ್ರಮಾಣ ಹೆಚ್ಚಾದರೆ ಅದು ಮನುಷ್ಯನ ಜೀವಕೋಶಗಳಿಗೂ ವಿಷವೇ, ದೀರ್ಘಕಾಲ ಬೆಳ್ಳಿಯನ್ನು ಸೇವಿಸಿದವರ ಚರ್ಮ ಶಾಶ್ವತವಾಗಿ ನೀಲಿಬೂದು ಬಣ್ಣಕ್ಕೆ ತಿರುಗುವುದುಂಟು.