ಪತ್ರಿಕೆ ಯಾವ ಕಡೆ ವಾಲಿದೆ? ಓದುಗರ ಪ್ರಶ್ನೆ, ನಮ್ಮ ಉತ್ತರ

ಪತ್ರಿಕೆಗಳ ರಾಜಕೀಯ ಒಲವಿನ ಬಗ್ಗೆ ಬಂದ ಪತ್ರಗಳಲ್ಲಿ ಅರ್ಧ ಬೈಗುಳ, ಅರ್ಧ ಪ್ರಶ್ನೆ. ಬೈಗುಳಗಳನ್ನು ಪಕ್ಕಕ್ಕಿಟ್ಟು ಪ್ರಶ್ನೆಗಳನ್ನಷ್ಟೇ ಎತ್ತಿಕೊಂಡಿದ್ದೇವೆ.

ಪ್ರ: ನಮ್ಮ ಮನೆಗೆ ಬರುವ ದಿನಪತ್ರಿಕೆ ಎಡಚರದ್ದು ಅಂತ ಮಾವನ ವಾದ, ಭಕ್ತರದ್ದು ಅಂತ ಮಗನ ವಾದ. ಇಬ್ಬರೂ ಓದುವುದು ಅದೇ ಪುಟ. ಯಾರು ಸರಿ?
— ಓದುಗರು, ಗದಗ

ಉ: ಮೊದಲು ಓದುವವರ ಕಣ್ಣನ್ನೇ ಅನುಮಾನಿಸಿ. ಅಮೆರಿಕದ ಸ್ಟ್ಯಾನ್‌ಫರ್ಡ್‌ನ ವ್ಯಾಲೋನ್, ರಾಸ್, ಲೆಪರ್ ಎಂಬ ಮನಶ್ಶಾಸ್ತ್ರಜ್ಞರು 1985ರಲ್ಲಿ ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. 1982ರಲ್ಲಿ ಲೆಬನಾನ್‌ನ ಬೈರೂತ್‌ನಲ್ಲಿ ನಡೆದ ಪ್ಯಾಲೆಸ್ಟೀನಿಯರ ಹತ್ಯಾಕಾಂಡದ ಟಿವಿ ವರದಿಗಳನ್ನು ಇಸ್ರೇಲ್ ಪರ ಮತ್ತು ಅರಬ್ ಪರ ವಿದ್ಯಾರ್ಥಿಗಳಿಗೆ ತೋರಿಸಿದ್ದರು. ಇಬ್ಬರಿಗೂ ತೋರಿಸಿದ್ದು ಅವೇ ತುಣುಕುಗಳನ್ನು. ವರದಿ ನಮ್ಮ ವಿರುದ್ಧ ವಾಲಿದೆ ಅಂತ ಎರಡೂ ಗುಂಪಿನವರು ದೂರಿದರು. ನಿಮ್ಮ ಮಾವ ಮತ್ತು ಮಗನ ಜಗಳದಲ್ಲಿ ಇದರ ಪಾಲು ಇದ್ದೇ ಇದೆ.

ಉಳಿದ ಪಾಲು ಪತ್ರಿಕೆಯದು. ಒಂದೇ ಪತ್ರಿಕೆಯೊಳಗೆ ಮೂರ್ನಾಲ್ಕು ಪತ್ರಿಕೆಗಳಿರುತ್ತವೆ. ವಾಣಿಜ್ಯ ಪುಟ ಖಾಸಗೀಕರಣಕ್ಕೆ ಜೈ ಅಂದರೆ ಸಂಪಾದಕೀಯ ಪುಟ ಸೆಕ್ಯುಲರ್ ಮಾತಾಡುತ್ತದೆ. ಭಾನುವಾರದ ಪುರವಣಿ ಮಠಗಳ ಸುತ್ತ ತಿರುಗಿದರೆ ಜಿಲ್ಲಾ ಪುಟ ಸ್ಥಳೀಯ ಶಾಸಕರ ಸುತ್ತ ತಿರುಗುತ್ತದೆ. ಆದ್ದರಿಂದ ‘ಎಡವೋ ಬಲವೋ’ ಎಂಬ ಒಂದೇ ಪ್ರಶ್ನೆ ಸಾಲದು. ಹಣಕಾಸಿನ ವಿಷಯದಲ್ಲಿ ಹೇಗೆ, ಧರ್ಮದ ವಿಷಯದಲ್ಲಿ ಹೇಗೆ, ಜಾತಿ ಮೀಸಲಾತಿಯಲ್ಲಿ ಹೇಗೆ ಅಂತ ಬೇರೆ ಬೇರೆ ಕೇಳಿಕೊಳ್ಳಿ. ಮಾವ ನೋಡುತ್ತಿರುವುದು ಒಂದನ್ನು, ಮಗ ನೋಡುತ್ತಿರುವುದು ಇನ್ನೊಂದನ್ನು ಇರಬಹುದು. ಅಂದಹಾಗೆ, ಕಾವೇರಿ ಮತ್ತು ಮೇಕೆದಾಟು ವಿಷಯ ಬಂದಾಗ ಬೆಂಗಳೂರಿನ ಪತ್ರಿಕೆಗಳಲ್ಲಿ ಎಡವೂ ಇರುವುದಿಲ್ಲ, ಬಲವೂ ಇರುವುದಿಲ್ಲ. ಆ ಒಲವನ್ನು ಇಲ್ಲಿ ಯಾರೂ ಒಲವು ಅಂತ ಕರೆಯುವುದೇ ಇಲ್ಲ.

ಪ್ರ: ಎಡ, ಬಲ ಅನ್ನುವ ಹೆಸರು ಎಲ್ಲಿಂದ ಬಂತು? ನಮ್ಮ ಪತ್ರಿಕೆಗಳಲ್ಲಿ ‘ಎಡ-ಬಲ ಬಣಗಳ ಪ್ರತಿಭಟನೆ’ ಅಂತ ಓದಿದಾಗ ಗೊಂದಲವಾಗುತ್ತದೆ.
— ಓದುಗರು, ಮೈಸೂರು

ಉ: 1789ರಲ್ಲಿ ಫ್ರಾನ್ಸಿನ ರಾಷ್ಟ್ರೀಯ ಸಭೆಯಲ್ಲಿ ಅರಸನ ಅಧಿಕಾರ ಉಳಿಯಬೇಕು ಎಂದವರು ಅಧ್ಯಕ್ಷರ ಬಲಕ್ಕೆ, ಮೊಟಕಾಗಬೇಕು ಎಂದವರು ಎಡಕ್ಕೆ ಕೂತರು. ಹೆಸರು ಬಂದದ್ದು ಅಲ್ಲಿಂದ. ನಮ್ಮ ಲೋಕಸಭೆಯಲ್ಲಿ ಸಭಾಧ್ಯಕ್ಷರ ಬಲಗಡೆ ಕೂರುವುದು ಆಳುವ ಪಕ್ಷ, ಅದು ಯಾವುದೇ ಆಗಿರಲಿ. ಹಾಗಾಗಿ ಆಸನ ನೋಡಿ ಪಂಥ ಹೇಳುವಂತಿಲ್ಲ.

ನಿಮ್ಮ ಗೊಂದಲ ಸಹಜ. ಕರ್ನಾಟಕದ ಸುದ್ದಿಯಲ್ಲಿ ‘ಎಡ-ಬಲ’ ಅಂದರೆ ಬಹಳ ಸಲ ಪರಿಶಿಷ್ಟ ಜಾತಿಯೊಳಗಿನ ಎಡಗೈ, ಬಲಗೈ ಸಮುದಾಯಗಳು. 2025ರ ಆಗಸ್ಟ್‌ನಲ್ಲಿ ರಾಜ್ಯ ಸಚಿವ ಸಂಪುಟ ಶೇ 17ರ ಮೀಸಲಾತಿಯನ್ನು ಎಡಗೈಗೆ 6, ಬಲಗೈಗೆ 6, ಉಳಿದವರಿಗೆ 5 ಎಂದು ಹಂಚಿದಾಗ ಬಂದ ಶೀರ್ಷಿಕೆಗಳಿಗೂ ಕಮ್ಯುನಿಸ್ಟರಿಗೂ ಸಂಬಂಧವಿಲ್ಲ. ‘ಪಂಥ’ ಎಂಬ ಪದ ಇದೆಯೇ ನೋಡಿ, ಬಗೆಹರಿಯುತ್ತದೆ.

ಪ್ರ: ಒಲವು ಶೀರ್ಷಿಕೆಯಲ್ಲೇ ಗೊತ್ತಾಗುತ್ತದೆ ಅನ್ನುತ್ತಾರೆ. ಏನನ್ನು ನೋಡಬೇಕು?
— ಓದುಗರು, ಶಿವಮೊಗ್ಗ

ಉ: ಕನ್ನಡ ಇದಕ್ಕೆ ಬಹಳ ಅನುಕೂಲದ ಭಾಷೆ. ಎಷ್ಟೋ ಸಲ ಒಲವು ಕ್ರಿಯಾಪದದ ಬಾಲದಲ್ಲೇ ಸಿಕ್ಕಿಬೀಳುತ್ತದೆ.

2025ರ ಏಪ್ರಿಲ್ 1ರಿಂದ ನಂದಿನಿ ಹಾಲು ಲೀಟರಿಗೆ 4 ರೂ. ಏರಿತು, ಈ ಹಣ ಹೈನುಗಾರರಿಗೇ ಹೋಗುತ್ತದೆ ಎಂದು ಸರ್ಕಾರ ಹೇಳಿತು. ಇದಕ್ಕೆ ಮೂರು ಶೀರ್ಷಿಕೆ ನಾವೇ ಕಟ್ಟುತ್ತೇವೆ. ‘ನಂದಿನಿ ಹಾಲು ಲೀಟರಿಗೆ 4 ರೂ. ಏರಿಕೆ’. ‘ಗ್ರಾಹಕರಿಗೆ ಮತ್ತೆ ಬರೆ: ಹಾಲೂ ದುಬಾರಿ’. ‘ಹೈನುಗಾರರ ಕೈಗೆ ಇನ್ನು 4 ರೂ. ಹೆಚ್ಚು’. ಮೂರರಲ್ಲಿ ಸುಳ್ಳು ಒಂದೂ ಇಲ್ಲ. ಎರಡನೆಯದರಲ್ಲಿ ‘ಮತ್ತೆ’ ಎಂಬ ಎರಡಕ್ಷರ ಹಳೆಯ ಎಲ್ಲ ಏರಿಕೆಗಳನ್ನೂ ಎಳೆದು ತಂದಿದೆ, ‘ಬರೆ’ ತೀರ್ಪು ಕೊಟ್ಟಿದೆ. ಮೂರನೆಯದರಲ್ಲಿ ಗ್ರಾಹಕನೇ ನಾಪತ್ತೆ.

ಆಮೇಲೆ ಯಾರ ಮಾತಿಗೆ ಯಾವ ಕ್ರಿಯಾಪದ ಅಂಟಿಸಿದ್ದಾರೆ ಗಮನಿಸಿ. ಒಬ್ಬ ನಾಯಕರು ಸದಾ ‘ಗುಡುಗುತ್ತಾರೆ’, ‘ಚಾಟಿ ಬೀಸುತ್ತಾರೆ’, ‘ತಿರುಗೇಟು’ ಕೊಡುತ್ತಾರೆ. ಇನ್ನೊಬ್ಬರು ‘ಸಮರ್ಥಿಸಿಕೊಳ್ಳುತ್ತಾರೆ’, ‘ಜಾರಿಕೊಳ್ಳುತ್ತಾರೆ’, ‘ನಾಲಿಗೆ ಹರಿಬಿಡುತ್ತಾರೆ’. ‘ಹೇಳಿದರು’ ಅಂದರೆ ಸಾಕಾಗುವ ಕಡೆ ‘ಒಪ್ಪಿಕೊಂಡರು’ ಬಂದರೆ ತಪ್ಪು ಮೊದಲೇ ಸಾಬೀತಾದಂತೆ. ಬಹುವಚನವನ್ನೂ ಬಿಡಬೇಡಿ. ಒಬ್ಬ ಆರೋಪಿಗೆ ‘ಬಂಧಿತರಾಗಿದ್ದಾರೆ’, ಅಂಥದೇ ಪ್ರಕರಣದ ಇನ್ನೊಬ್ಬನಿಗೆ ‘ಸಿಕ್ಕಿಬಿದ್ದಿದ್ದಾನೆ’ ಎಂದಿದ್ದರೆ, ಯಾರಿಗೆ ಗೌರವ, ಯಾರಿಗಿಲ್ಲ ಅಂತ ಒಂದು ತಿಂಗಳು ಗುರುತು ಹಾಕಿಕೊಳ್ಳಿ. ಗುಂಪುಗಳಿಗೂ ಹೀಗೆಯೇ: ಕಲ್ಲು ಎಸೆದವರು ಒಂದು ದಿನ ‘ಕಾರ್ಯಕರ್ತರು’, ಇನ್ನೊಂದು ದಿನ ‘ಕಿಡಿಗೇಡಿಗಳು’. ಲಾಠಿಗೆ ‘ಲಘು’ ಎಂಬ ವಿಶೇಷಣ ಸೇರಿಸುವುದು ಪೊಲೀಸ್ ಪ್ರಕಟಣೆಯಿಂದ ನೇರ ಇಳಿದು ಬರುವ ಅಭ್ಯಾಸ. ಪೆಟ್ಟು ತಿಂದವರನ್ನು ಕೇಳಿ ಬರೆದ ವರದಿಯಲ್ಲಿ ಆ ‘ಲಘು’ ಇರುವುದಿಲ್ಲ.

ಶೀರ್ಷಿಕೆಯ ಕೊನೆಯ ಪ್ರಶ್ನಾರ್ಥಕ ಚಿಹ್ನೆ ಇನ್ನೊಂದು ಚಾಳಿ. ‘ಸಚಿವರ ಕೈವಾಡ?’ ಅಂದರೆ ಆರೋಪ ಹೊರಿಸಿದಂತೆಯೂ ಆಯಿತು, ಹೊಣೆ ಹೊರದಂತೆಯೂ ಆಯಿತು.

ಇದಕ್ಕೆಲ್ಲ ಒಂದು ಒರೆಗಲ್ಲು ಇದೆ: ಹೆಸರು ಅದಲು ಬದಲು ಮಾಡಿ ಓದುವುದು. ಗೃಹಲಕ್ಷ್ಮಿಯ ತಿಂಗಳ 2,000 ರೂ. ‘ಬಿಟ್ಟಿ ಭಾಗ್ಯ’ವಾಗಿ, ಪಿಎಂ ಕಿಸಾನ್‌ನ ವರ್ಷದ 6,000 ರೂ. ‘ನೆರವು’ ಆಗಿ ಒಂದೇ ಪತ್ರಿಕೆಯಲ್ಲಿ ಬಂದರೆ ಅಥವಾ ಒಂದು ‘ಬಡವರ ಹಕ್ಕು’, ಇನ್ನೊಂದು ‘ಚುನಾವಣಾ ಗಿಮಿಕ್’ ಆದರೆ ಒಲವು ಯಾವ ಕಡೆಯದಾದರೂ ಹಿಡಿಯಬಹುದು. 2022ರಲ್ಲಿ ಹತ್ತನೆಯ ತರಗತಿ ಪಠ್ಯಕ್ಕೆ ಆರೆಸ್ಸೆಸ್ ಸ್ಥಾಪಕ ಹೆಡಗೇವಾರ್ ಪಾಠ ಸೇರಿತು, 2023ರಲ್ಲಿ ಹೊಸ ಸರ್ಕಾರ ಅದನ್ನು ತೆಗೆಯಿತು. ಆಗ ‘ಪರಿಷ್ಕರಣೆ’ ಎಂದವರು ಈಗ ‘ದ್ವೇಷ ರಾಜಕಾರಣ’ ಎಂದರೇ? ಆಗ ‘ಕೇಸರೀಕರಣ’ ಎಂದವರಿಗೆ ಈಗ ‘ಪರಿಷ್ಕರಣೆ’ ಎಂಬ ಪದ ನೆನಪಾಯಿತೇ? ಎರಡೂ ವರ್ಷದ ಸಂಚಿಕೆಗಳನ್ನು ಅಕ್ಕಪಕ್ಕ ಇಟ್ಟು ನೋಡಿ.

ಪ್ರ: ಅನಿಸಿಕೆ ಬೇಡ, ಲೆಕ್ಕ ಬೇಕು. ಮನೆಯಲ್ಲೇ ಅಳೆಯುವ ದಾರಿ ಇದೆಯೇ?
— ಓದುಗರು, ಬೆಳಗಾವಿ

ಉ: ಇದೆ. ಒಂದು ಸ್ಕೇಲು, ಒಂದು ನೋಟ್‌ಬುಕ್, 14 ದಿನದ ತಾಳ್ಮೆ ಬೇಕು. ಎರಡು ಪತ್ರಿಕೆ ತೆಗೆದುಕೊಳ್ಳಿ, ಎರಡೂ ಒಂದೇ ಊರಿನ ಆವೃತ್ತಿ ಆಗಿರಲಿ. ಹುಬ್ಬಳ್ಳಿ ಆವೃತ್ತಿಯನ್ನು ಮಂಗಳೂರು ಆವೃತ್ತಿಯ ಜತೆ ಹೋಲಿಸಿದರೆ ನೀವು ಅಳೆಯುವುದು ಜಿಲ್ಲೆಗಳ ವ್ಯತ್ಯಾಸವನ್ನು, ಪತ್ರಿಕೆಯ ಒಲವನ್ನಲ್ಲ. ಪೂರ್ತಿ ಪತ್ರಿಕೆ ಅಳೆಯಹೋಗಬೇಡಿ, ಮೂರನೇ ದಿನಕ್ಕೆ ಕೈಬಿಡುತ್ತೀರಿ. ಮುಖಪುಟ ಮತ್ತು ರಾಜ್ಯ ಪುಟ ಸಾಕು.

ಸುದ್ದಿ ಎಷ್ಟು ಅಂಕಣ ಅಗಲ, ಎಷ್ಟು ಸೆಂ.ಮೀ. ಉದ್ದ ಎಂದು ಗುಣಿಸಿದರೆ ಕಾಲಂ ಸೆಂಟಿಮೀಟರ್ ಸಿಗುತ್ತದೆ. ಜಾಹೀರಾತು ಮಾರುವ ಅಳತೆಯೂ ಅದೇ. ಮೂರು ಅಂಕಣದ 15 ಸೆಂ.ಮೀ. ಸುದ್ದಿ ಅಂದರೆ 45. ಚಿತ್ರವನ್ನು ಬೇರೆ ಅಳೆಯಿರಿ. ಪ್ರತಿ ಸುದ್ದಿಗೆ ಇನ್ನು ಮೂರು ವಿಷಯ ಬರೆದುಕೊಳ್ಳಿ: ಮೊದಲು ಯಾರ ಮಾತು ಬಂದಿದೆ, ಎದುರು ಪಕ್ಷದ ಮಾತು ಎಷ್ಟನೇ ಪ್ಯಾರಾದಲ್ಲಿದೆ, ಹೆಸರಿರುವ ಮೂಲಗಳೆಷ್ಟು, ‘ಮೂಲಗಳು ತಿಳಿಸಿವೆ’ ಎಷ್ಟು. ನಮ್ಮ ಲೆಕ್ಕದಲ್ಲಿ ಸೆಂಟಿಮೀಟರಿಗಿಂತ ಆ ಪ್ಯಾರಾ ಸಂಖ್ಯೆಯೇ ಹೆಚ್ಚು ಹೇಳುತ್ತದೆ. ಎದುರು ಪಕ್ಷದ ಉತ್ತರ ಸದಾ ಒಳಪುಟಕ್ಕೆ ಮುಂದುವರಿದ ಭಾಗದಲ್ಲೇ ಇದ್ದರೆ, ಮುಖಪುಟ ಮಾತ್ರ ಓದುವವನಿಗೆ ಅದು ಇಲ್ಲದ ಹಾಗೆ.

ತಪ್ಪುವುದು ಎಲ್ಲಿ ಅಂದರೆ, ಆಳುವ ಪಕ್ಷಕ್ಕೆ ಎಲ್ಲೆಡೆ ಜಾಗ ಹೆಚ್ಚು. ಆದೇಶ ಹೊರಡಿಸುವವರು, ಶಂಕುಸ್ಥಾಪನೆ ಮಾಡುವವರು ಅವರೇ. ಅದನ್ನು ಒಲವು ಎಂದು ಬರೆದುಕೊಂಡರೆ ಲೆಕ್ಕ ಕೆಟ್ಟಿತು. ಇದನ್ನು ಸರಿಪಡಿಸಲು ಬೆಂಗಳೂರಿನ ಸರ್ಕಾರದ ಸುದ್ದಿಯನ್ನೂ ದೆಹಲಿಯ ಸರ್ಕಾರದ ಸುದ್ದಿಯನ್ನೂ ಬೇರೆ ಸಾಲಿನಲ್ಲಿ ಬರೆಯಿರಿ; ಎರಡು ಕಡೆ ಬೇರೆ ಬೇರೆ ಪಕ್ಷ ಇರುವಾಗ ಹೋಲಿಕೆ ಚೆನ್ನಾಗಿ ನಿಲ್ಲುತ್ತದೆ. ಚುನಾವಣೆ, ಬಜೆಟ್, ಅಧಿವೇಶನದ ವಾರಗಳನ್ನು ಬಿಡಿ. ಇಷ್ಟಾದ ಮೇಲೂ ಈ ಲೆಕ್ಕಕ್ಕೆ ಸಿಗದ್ದು ಒಂದಿದೆ, ಅಚ್ಚಾಗದೇ ಹೋದ ಸುದ್ದಿ. ಒಂದರಲ್ಲಿ ಮುಖಪುಟ ಏರಿ ಇನ್ನೊಂದರಲ್ಲಿ ಎಲ್ಲೂ ಕಾಣದ ಸುದ್ದಿಗಳಿಗೆ ನೋಟ್‌ಬುಕ್ಕಿನ ಕೊನೆಯ ಹಾಳೆ ಮೀಸಲಿಡಿ. 14 ದಿನದ ಕೊನೆಗೆ ಮೊದಲು ಆ ಹಾಳೆಯನ್ನೇ ತೆರೆಯಿರಿ.

ಪ್ರ: ಮಾಲೀಕರು ಯಾರು ಅಂತ ತಿಳಿಯುವುದು ಹೇಗೆ? ಒಲವೆಲ್ಲ ಅವರಿಂದಲೇ ತಾನೇ?
— ಓದುಗರು, ತುಮಕೂರು

ಉ: ಕೊನೆಯ ಪುಟದ ತಳದಲ್ಲೋ ಒಳಪುಟದ ಮೂಲೆಯಲ್ಲೋ ಇರುವೆ ಗಾತ್ರದ ಅಕ್ಷರದಲ್ಲಿ ಮುದ್ರಕ, ಪ್ರಕಾಶಕ, ಸಂಪಾದಕರ ಹೆಸರು, ಮುದ್ರಣಾಲಯದ ವಿಳಾಸ ಇರುತ್ತದೆ. ಇನ್ನೂ ಒಳಗೆ ಹೋಗಬೇಕಿದ್ದರೆ ಗ್ರಂಥಾಲಯದಲ್ಲಿ ಹಳೆಯ ಮಾರ್ಚ್ ತಿಂಗಳ ಮೊದಲ ಸಂಚಿಕೆ ಕೇಳಿ. 1956ರ ಪತ್ರಿಕಾ ನೋಂದಣಿ ನಿಯಮಗಳಡಿ ಫೆಬ್ರುವರಿ ಮುಗಿದ ನಂತರದ ಮೊದಲ ಸಂಚಿಕೆಯಲ್ಲಿ ‘ನಮೂನೆ 4’ ಎಂಬ ಹೇಳಿಕೆ ಅಚ್ಚಾಗುತ್ತಿತ್ತು. ಬಂಡವಾಳದ ಶೇ 1ಕ್ಕಿಂತ ಹೆಚ್ಚು ಪಾಲು ಉಳ್ಳವರ ಹೆಸರು ಅದರಲ್ಲಿರುತ್ತದೆ. 1867ರ ಹಳೆಯ ಕಾಯ್ದೆಯ ಜಾಗಕ್ಕೆ 2024ರ ಮಾರ್ಚ್ 1ರಿಂದ ಹೊಸ ಪತ್ರಿಕಾ ನೋಂದಣಿ ಕಾಯ್ದೆ ಬಂದಿದೆ.

ಆದರೆ ಮಾಲೀಕರಿಂದಲೇ ಎಲ್ಲ ಅನ್ನಬೇಡಿ. ವಿಜಯ ಕರ್ನಾಟಕವನ್ನು 1999ರಲ್ಲಿ ಶುರು ಮಾಡಿದ ವಿಜಯ ಸಂಕೇಶ್ವರ ಆಗ ಬಿಜೆಪಿ ಸಂಸದರು; 2006ರಲ್ಲಿ ಅದು ಟೈಮ್ಸ್ ಸಮೂಹದ ಪಾಲಾಯಿತು. ಮಾಲೀಕರು ಬದಲಾದರೂ ಓದುಗರು ಅವರೇ, ಏಜೆಂಟರು ಅವರೇ. ಪತ್ರಿಕೆ ಅವರನ್ನೂ ನೋಡಿಕೊಂಡು ನಡೆಯಬೇಕು. ಇನ್ನು ಜಾಹೀರಾತು: ನೀವು ಕೊಡುವ ಬೆಲೆಯಲ್ಲಿ ಕಾಗದ, ಶಾಯಿ, ಸಾಗಣೆಯ ಖರ್ಚು ಹುಟ್ಟುವುದಿಲ್ಲ. ರಾಜ್ಯದ ವಾರ್ತಾ ಇಲಾಖೆ, ಕೇಂದ್ರದ ಸಂವಹನ ಬ್ಯೂರೊ ಕೊಡುವ ಜಾಹೀರಾತು ನಿಂತರೆ ಸಣ್ಣ ಪತ್ರಿಕೆಗಳು ಏದುಸಿರು ಬಿಡುತ್ತವೆ. ಅವಕ್ಕೆ ಸಿದ್ಧಾಂತವೇನೂ ಇರಬೇಕಿಲ್ಲ, ಯಾರ ಸರ್ಕಾರವಿದ್ದರೂ ಮೆತ್ತಗೇ ಬರೆಯುತ್ತವೆ. ತಾಲ್ಲೂಕಿನಲ್ಲಿ ಸುದ್ದಿ ಕಳಿಸುವವನೇ ಶಾಸಕರ ಹುಟ್ಟುಹಬ್ಬದ ಜಾಹೀರಾತನ್ನೂ ತರಬೇಕಾದ ಕಡೆ ಕಥೆ ಇನ್ನೂ ಸರಳ. ಅದಕ್ಕೆ ಎಡ, ಬಲ ಎಂಬ ದೊಡ್ಡ ಹೆಸರು ಬೇಡ.

ಪ್ರ: ಇಲ್ಲಿ ಪತ್ರಿಕೆಗಳು ಇಂಥ ಪಕ್ಷಕ್ಕೇ ಮತ ಹಾಕಿ ಅಂತ ಬರೆದೇ ಬಿಡುತ್ತವೆ. ನಮ್ಮಲ್ಲಿ ಯಾಕಿಲ್ಲ?
— ಕನ್ನಡಿಗರೊಬ್ಬರು, ಲಂಡನ್

ಉ: ಬ್ರಿಟನ್ನಿನಲ್ಲಿ ಟಿವಿ, ರೇಡಿಯೊಗೆ ಪ್ರಸಾರ ನಿಯಂತ್ರಕ ಸಂಸ್ಥೆ ಆಫ್‌ಕಾಮ್‌ನ ನಿಷ್ಪಕ್ಷಪಾತದ ನಿಯಮವಿದೆ, ಪತ್ರಿಕೆಗಳಿಗಿಲ್ಲ. ಪಕ್ಷ ವಹಿಸಬಹುದು, ಆದರೆ ಅಭಿಪ್ರಾಯ, ಊಹೆ, ವಾಸ್ತವಗಳನ್ನು ಬೆರೆಸಬಾರದು ಎನ್ನುತ್ತದೆ ಅಲ್ಲಿನ ಸಂಪಾದಕರ ಸಂಹಿತೆ. ದಿ ಸನ್ ಪತ್ರಿಕೆ 1992ರಲ್ಲಿ ಕನ್ಸರ್ವೇಟಿವ್, 1997ರಲ್ಲಿ ಲೇಬರ್, 2010ರಲ್ಲಿ ಮತ್ತೆ ಕನ್ಸರ್ವೇಟಿವ್, 2024ರಲ್ಲಿ ಮತ್ತೆ ಲೇಬರ್ ಎಂದಿತು. ಗಾಳಿ ಎತ್ತಲೋ ಪತ್ರಿಕೆ ಅತ್ತಲೇ ಅನಿಸುವಷ್ಟು.

ಭಾರತದಲ್ಲಿ ಬಹಿರಂಗವಾಗಿ ಪಕ್ಷ ಹಿಡಿದವು ಇಲ್ಲವೆಂದಲ್ಲ. ಕೇರಳದ ದೇಶಾಭಿಮಾನಿ ಸಿಪಿಎಂನದು, ಚೆನ್ನೈನ ಮುರಸೊಲಿ ಡಿಎಂಕೆಯದು, ಮುಂಬೈನ ಸಾಮನಾ ಶಿವಸೇನೆಯ ಉದ್ಧವ್ ಠಾಕ್ರೆ ಬಣದ್ದು. 1938ರಲ್ಲಿ ನೆಹರೂ ಶುರು ಮಾಡಿದ ನ್ಯಾಷನಲ್ ಹೆರಾಲ್ಡ್ ಕಾಂಗ್ರೆಸ್ಸಿನದು. ಕನ್ನಡದಲ್ಲಿ ಸಂಘದ ವಿಚಾರಕ್ಕೆ ವಿಕ್ರಮ, ಸಿಪಿಎಂ ವಿಚಾರಕ್ಕೆ ಜನಶಕ್ತಿ ವಾರಪತ್ರಿಕೆಗಳಿವೆ. ಇವುಗಳನ್ನು ಓದುವುದು ಸುಲಭ, ಅಂಗಡಿಯ ಬೋರ್ಡು ಹೊರಗೇ ತೂಗಾಡುತ್ತಿರುತ್ತದೆ. ಕಷ್ಟ ಇರುವುದು ಬೋರ್ಡಿಲ್ಲದ ಅಂಗಡಿಗಳದ್ದು.

ಪ್ರ: ಚುನಾವಣೆ ಬಂದಾಗ ಸುದ್ದಿಯಂತೆ ಕಾಣುವ ಜಾಹೀರಾತು ಬರುತ್ತದೆ. ಪತ್ತೆ ಹೇಗೆ, ದೂರು ಯಾರಿಗೆ? ಏಕಪಕ್ಷೀಯ ವರದಿಗೆ ಎಲ್ಲಿ ದೂರು?
— ಓದುಗರು, ಕಲಬುರಗಿ

ಉ: ಕಾಸಿನ ಸುದ್ದಿಯ ಗುರುತು: ಒಬ್ಬ ಅಭ್ಯರ್ಥಿಯ ಪ್ರಚಾರದ ವರದಿ, ಅದೇ ವಾಕ್ಯಗಳೊಂದಿಗೆ, ಎರಡು ಪತ್ರಿಕೆಗಳಲ್ಲಿ, ಬೇರೆ ಬೇರೆ ವರದಿಗಾರರ ಹೆಸರಲ್ಲಿ. ಎದುರಾಳಿಯ ಹೆಸರೇ ಇರುವುದಿಲ್ಲ. ಎರಡೂ ಪುಟಗಳನ್ನು ಕತ್ತರಿಸದೆ ಇಡಿಯಾಗಿ ಇಟ್ಟುಕೊಂಡು, ಜಿಲ್ಲಾ ಚುನಾವಣಾಧಿಕಾರಿಯ ಅಡಿಯಲ್ಲಿರುವ ಮಾಧ್ಯಮ ದೃಢೀಕರಣ ಮತ್ತು ಕಣ್ಗಾವಲು ಸಮಿತಿಗೆ ಕೊಡಿ, ಅದೂ ಬೇಗ. ನೋಟಿಸ್‌ಗೆ ಅಭ್ಯರ್ಥಿ 48 ಗಂಟೆಯಲ್ಲಿ ಉತ್ತರಿಸಬೇಕು. ಕಾಸಿನ ಸುದ್ದಿ ಎಂದು ತೀರ್ಮಾನವಾದರೆ ಆ ಜಾಗದ ಜಾಹೀರಾತು ದರ ಅಭ್ಯರ್ಥಿಯ ಖರ್ಚಿಗೆ ಸೇರುತ್ತದೆ. ಕರ್ನಾಟಕದಲ್ಲಿ 2022ರಿಂದ ವಿಧಾನಸಭೆಗೆ ಮಿತಿ 40 ಲಕ್ಷ, ಲೋಕಸಭೆಗೆ 95 ಲಕ್ಷ ರೂ. ಇದು ಬರೀ ಕಾಗದದ ಮಾತಲ್ಲ: ಉತ್ತರ ಪ್ರದೇಶದ ಬಿಸೌಲಿಯ ಶಾಸಕಿ ಉಮ್ಲೇಶ್ ಯಾದವ್ ಇಂಥ ಖರ್ಚು ತೋರಿಸದ್ದಕ್ಕೆ 2011ರಲ್ಲಿ ಮೂರು ವರ್ಷ ಅನರ್ಹರಾದರು.

ಏಕಪಕ್ಷೀಯ ವರದಿಗೆ ಭಾರತೀಯ ಪತ್ರಿಕಾ ಮಂಡಳಿ ಇದೆ. ನೇರ ಅಲ್ಲಿಗೆ ಬರೆದರೆ ಹಿಂದಕ್ಕೆ ಬರುತ್ತದೆ. ಮೊದಲು ಸಂಪಾದಕರಿಗೆ ಪತ್ರ, ರಿಜಿಸ್ಟರ್ಡ್ ಅಂಚೆಯಲ್ಲಿ. ಯಾವ ವಾಕ್ಯ ತಪ್ಪು, ಸರಿ ಯಾವುದು, ದಾಖಲೆ ಏನು ಎಂದಷ್ಟೇ ಬರೆಯಿರಿ. ‘ನಿಮ್ಮದು ಗಂಜಿ ಗಿರಾಕಿಗಳ ಪತ್ರಿಕೆ’ ಎಂಬ ಸಾಲು ಸೇರಿಸಿದರೆ ಉಳಿದ ನಾಲ್ಕು ಸಾಲನ್ನು ಯಾರೂ ಓದುವುದಿಲ್ಲ. ಉತ್ತರ ಬಾರದಿದ್ದರೆ ಅಥವಾ ಸಮಾಧಾನವಾಗದಿದ್ದರೆ ಮಂಡಳಿಗೆ ದೂರು: ಪತ್ರಿಕೆಯ ತುಣುಕು, ಕನ್ನಡದ್ದಾದ್ದರಿಂದ ಅದರ ಇಂಗ್ಲಿಷ್ ಅನುವಾದ, ಸಂಪಾದಕರ ಜತೆಗಿನ ಪತ್ರಗಳ ಪ್ರತಿ, ಈ ವಿಷಯ ಯಾವ ನ್ಯಾಯಾಲಯದಲ್ಲೂ ಇಲ್ಲ ಎಂಬ ಘೋಷಣೆ. ದಿನಪತ್ರಿಕೆ, ವಾರಪತ್ರಿಕೆಗೆ ಪ್ರಕಟವಾದ 2 ತಿಂಗಳೊಳಗೆ, ಉಳಿದವುಗಳಿಗೆ 4 ತಿಂಗಳೊಳಗೆ. ಸಂಪಾದಕರ ಉತ್ತರಕ್ಕೆ ಕಾಯುತ್ತಾ ಕೂತು ಈ ಗಡುವು ದಾಟಿಸಿಕೊಳ್ಳುವವರೇ ಹೆಚ್ಚು.

ಮಂಡಳಿ ದಂಡ ಹಾಕುವುದಿಲ್ಲ. ಎಚ್ಚರಿಕೆ ಕೊಡಬಹುದು, ಛೀಮಾರಿ ಹಾಕಬಹುದು, ಅದನ್ನು ಪ್ರಕಟಿಸಲು ಹೇಳಬಹುದು. ಟಿವಿ ವಾಹಿನಿಗಳು ಅದರ ವ್ಯಾಪ್ತಿಗೆ ಬರುವುದಿಲ್ಲ. ‘ಪತ್ರಿಕೆ ನಮ್ಮ ಪಕ್ಷದ ವಿರುದ್ಧ ಇದೆ’ ಎಂಬ ದೂರು ಅಲ್ಲಿ ನಿಲ್ಲುವುದಿಲ್ಲ. ಒಲವಿಟ್ಟುಕೊಳ್ಳುವುದು ಸಂಪಾದಕರ ಹಕ್ಕು. ಆರೋಪ ಅಚ್ಚು ಮಾಡುವ ಮೊದಲು ನಿಮ್ಮ ಮಾತು ಕೇಳಲಿಲ್ಲ, ಕೊಟ್ಟ ಸ್ಪಷ್ಟನೆ ಹಾಕಲಿಲ್ಲ ಎಂಬುದು ನಿಲ್ಲುತ್ತದೆ.