ಹಳೇ ಎಕ್ಸ್‌ಟಿಗೆ ಯಾವ ಡಿಸ್‌ಪ್ಲೇ ಕಾರ್ಡ್ ಹಾಕಬೇಕು?

ಪ್ರಶ್ನೆ: ನಮ್ಮ ತೋಟದ ಆಫೀಸಿನಲ್ಲಿ ಅಪ್ಪ ಲೆಕ್ಕ ಬರೆಯುತ್ತಿದ್ದ ಪಿಸಿ-ಎಕ್ಸ್‌ಟಿ (ಎಂಬತ್ತರ ದಶಕದ ಮಾದರಿಯ ಡಾಸ್ ಕಂಪ್ಯೂಟರ್) ಇದೆ. ಐಬಿಎಂ ಅಲ್ಲ, ಇಲ್ಲೇ ಜೋಡಿಸಿದ್ದು. 8088 ಪ್ರೊಸೆಸರ್, 640 ಕೆಬಿ ಮೆಮೊರಿ. ಮೊನ್ನೆ ಅಟ್ಟದಿಂದ ಇಳಿಸಿ ಆನ್ ಮಾಡಿದರೆ ಒಂದು ಉದ್ದ, ಎರಡು ಗಿಡ್ಡ ಬೀಪ್ ಬಂತು. ಪರದೆ ಕಪ್ಪು. ಹಳದಿ ಅಕ್ಷರದ ಹಳೇ ಮಾನಿಟರ್ ಇದೆ. ತಮ್ಮನ ಹತ್ತಿರ ಒಂದು ಪಿಸಿಐ ಕಾರ್ಡ್ ಇದೆ. ಹಾಸನದ ಗುಜರಿ ಅಂಗಡಿಯಲ್ಲಿ ಟ್ರೈಡೆಂಟ್ 9000 ಅಂತ ಬರೆದ ಕಾರ್ಡ್ ನೋಡಿ ಬಂದೆ. ಯಾವುದು ಹಾಕಲಿ? ಅಪ್ಪನ ಲೋಟಸ್ (ಲೆಕ್ಕದ ಸ್ಪ್ರೆಡ್‌ಶೀಟ್ ಪ್ರೋಗ್ರಾಂ) ಫೈಲುಗಳನ್ನು ತೆಗೆದು ನೋಡಬೇಕು, ಅಷ್ಟೇ.
– ಆಲ್ದೂರಿನ ಓದುಗರು, ಚಿಕ್ಕಮಗಳೂರು ಜಿಲ್ಲೆ

ಉತ್ತರ: ದುಡ್ಡು ಬಿಚ್ಚುವ ಮೊದಲು ಈಗಿರುವ ಕಾರ್ಡನ್ನೇ ಒಮ್ಮೆ ಬಿಚ್ಚಿ. ಆ ಬೀಪ್ ಹೇಳುವುದು ‘ಡಿಸ್‌ಪ್ಲೇ ಕಾರ್ಡ್ ಸಿಗುತ್ತಿಲ್ಲ’ ಅಂತ ಮಾತ್ರ. ಕಾರ್ಡ್ ಸತ್ತಿದೆ ಅಂತ ಅಲ್ಲ. ಮಲೆನಾಡಿನ ಮಳೆಗಾಲಗಳನ್ನು ಅಟ್ಟದ ಮೇಲೆ ಕಳೆದ ಯಂತ್ರ ಅದು. ಸ್ಲಾಟಿನೊಳಗೆ ಕೂರುವ ಬಂಗಾರದ ಬಣ್ಣದ ಪಟ್ಟಿಗಳು ಮಂಕಾಗಿ, ಅಲ್ಲಲ್ಲಿ ಹಸಿರು ಹಿಡಿದಿರುತ್ತವೆ. ಪೆನ್ಸಿಲ್ ರಬ್ಬರಿನಿಂದ ಹಗುರವಾಗಿ ಉಜ್ಜಿ. ಆಮೇಲೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಬಟ್ಟೆಯಿಂದ ಒರೆಸಿ. ಇಲ್ಲದಿದ್ದರೆ ರಬ್ಬರಿನ ಪುಡಿಯೇ ಸ್ಲಾಟಿಗೆ ಇಳಿಯುತ್ತದೆ. ಸಾಕೆಟ್ಟಿನಲ್ಲಿ ಕೂತ ಚಿಪ್‌ಗಳನ್ನು ಹೆಬ್ಬೆರಳಲ್ಲಿ ಒತ್ತಿ. ವರ್ಷಗಟ್ಟಲೆ ಬಿಸಿಯಾಗಿ ತಣ್ಣಗಾಗಿ ಅವು ಮೇಲಕ್ಕೆದ್ದಿರುತ್ತವೆ. ಇಷ್ಟು ಮಾಡಿ ಬೇರೆ ಸ್ಲಾಟಿನಲ್ಲಿ ಹಾಕಿ ನೋಡಿ. ಇಷ್ಟರಲ್ಲೇ ಸರಿಹೋಗುವ ಯಂತ್ರಗಳು ಬೇಕಾದಷ್ಟಿವೆ.

ಅದಕ್ಕೂ ಬಗ್ಗದಿದ್ದರೆ ಹೊಸ ಕಾರ್ಡಿನ ಮಾತು. ತಮ್ಮನ ಪಿಸಿಐ ಕಾರ್ಡನ್ನು ಮರೆತುಬಿಡಿ. ಪಿಸಿಐ ಬಂದಿದ್ದೇ 1992ರಲ್ಲಿ. ನಿಮ್ಮ ಬೋರ್ಡಿನಲ್ಲಿರುವುದು 62 ಪಿನ್ನಿನ 8-ಬಿಟ್ ಐಎಸ್‌ಎ ಸ್ಲಾಟು, ಅದರಲ್ಲಿ ಇದು ಕೂರುವುದೇ ಇಲ್ಲ.

ಈಗ ಮಾನಿಟರ್ ಹಿಂದಿನ ಕೇಬಲ್ ನೋಡಿ. ಪಿನ್ನು 9 ಇದೆಯೋ 15 ಇದೆಯೋ? ಕಾರ್ಡ್ ಯಾವುದು ಅನ್ನುವುದು ಇಲ್ಲೇ ಮುಕ್ಕಾಲು ಪಾಲು ತೀರ್ಮಾನವಾಗುತ್ತದೆ. ನಿಮ್ಮದು ಹಳದಿ ಅಕ್ಷರದ್ದು ಅಂದಮೇಲೆ 9 ಪಿನ್ನೇ ಇರಬೇಕು. ಹಾಗಿದ್ದರೆ ಅದಕ್ಕೆ ಜೋಡಿ ಹರ್ಕ್ಯುಲಿಸ್ ಕಾರ್ಡ್, ಇಲ್ಲವೇ ಬರೀ ಅಕ್ಷರ ತೋರಿಸುವ ಎಂಡಿಎ. ಅಪಾಯ ಇರುವುದೂ ಇಲ್ಲೇ. ಬಣ್ಣದ ಸಿಜಿಎ, ಇಜಿಎ ಕಾರ್ಡುಗಳಿಗೂ ಇದೇ 9 ಪಿನ್ನಿನ ಸಾಕೆಟ್ಟು. ಕೇಬಲ್ ಸಲೀಸಾಗಿ ಕೂರುತ್ತದೆ. ಆದರೆ ನಿಮ್ಮ ಮಾನಿಟರಿಗೆ ಬೇಕಾದ ಅಡ್ಡಗೆರೆಗಳ ವೇಗ ಸುಮಾರು 18.4 ಕಿಲೋಹರ್ಟ್ಜ್, ಸಿಜಿಎ ಕೊಡುವುದು 15.7. ಆ ಕಾಲದ ಕೆಲವು ಮಾನಿಟರುಗಳಿಗೆ ಸ್ವಂತ ತಾಳವೇ ಇಲ್ಲ, ಕಾರ್ಡ್ ಕೊಟ್ಟ ವೇಗದಲ್ಲೇ ಓಡುತ್ತವೆ. ವೇಗ ತಪ್ಪಿದರೆ ಟಿವಿ ರಿಪೇರಿಯವರು ಇಎಚ್‌ಟಿ ಅನ್ನುತ್ತಾರಲ್ಲ, ಪಿಕ್ಚರ್ ಟ್ಯೂಬಿಗೆ ಹೈ ವೋಲ್ಟೇಜ್ ಕೊಡುವ ಟ್ರಾನ್ಸ್‌ಫಾರ್ಮರ್, ಅದು ಸುಟ್ಟುಹೋಗಬಹುದು. ಕಾರ್ಡಿನ ಹಿಂಬದಿಯಲ್ಲಿ 9 ಪಿನ್ ಜೊತೆಗೆ ಟಿವಿಗೆ ಹಾಕುವಂಥ ಗುಂಡು ಸಾಕೆಟ್ಟೂ ಕಂಡರೆ ಅದು ಸಿಜಿಎ ಅಥವಾ ಇಜಿಎ ಅಂತಲೇ ಎಣಿಸಿ. ದೂರ ಇಡಿ.

ಲೋಟಸ್‌ಗೆ ಹರ್ಕ್ಯುಲಿಸ್ ಹೇಳಿ ಮಾಡಿಸಿದ ಕಾರ್ಡು. 720×348 ಚುಕ್ಕಿ, ಬಣ್ಣವಿಲ್ಲ, ಅಕ್ಷರ ಮಾತ್ರ ಸ್ಫುಟ. ಸುಮ್ನೆ ಒಂದು ವಿಷಯ ಹೇಳುತ್ತೇನೆ. 1982ರಲ್ಲಿ ಬಂದ ಈ ಕಾರ್ಡ್ ಹುಟ್ಟಿದ್ದು ಥಾಯ್ ಲಿಪಿಗಾಗಿ. ವಾನ್ ಸುವನ್ನುಕುಲ್ ಎಂಬುವರಿಗೆ ತಮ್ಮ ಪ್ರಬಂಧವನ್ನು ಆ ಲಿಪಿಯಲ್ಲಿ ಬರೆಯಬೇಕಿತ್ತು. ಐಬಿಎಂ ಕಾರ್ಡುಗಳಲ್ಲಿ ಆಗಲಿಲ್ಲ, ತಾವೇ ಮಾಡಿಕೊಂಡರು. ನಮ್ಮ ಲಿಪಿಗಳಿಗೂ ಸಿ-ಡ್ಯಾಕ್ ಸಂಸ್ಥೆ ಜಿಸ್ಟ್ ಅಂತ ಪ್ರತ್ಯೇಕ ಕಾರ್ಡ್ ತಂದಿತ್ತು. ಗುಜರಿಯಲ್ಲಿ ಎಲ್ಲಾದರೂ ಕಂಡರೆ ಬಿಡಬೇಡಿ.

ಮಾನಿಟರೂ ಕೈಕೊಟ್ಟಿದ್ದರೆ ಆಗ ಆ ಟ್ರೈಡೆಂಟ್ ತನ್ನಿ. ಅದು ವಿಜಿಎ, ಅಂದರೆ ಇಜಿಎ ನಂತರ ಬಂದ ಬಣ್ಣದ ಡಿಸ್‌ಪ್ಲೇ ಮಾದರಿ, 15 ಪಿನ್ನು. ಮನೆಯಲ್ಲಿರುವ ವಿಜಿಎ ಸಾಕೆಟ್ಟಿನ ಎಲ್‌ಸಿಡಿಯೂ ನಡೆಯುತ್ತದೆ. ಕಾರ್ಡ್ 16-ಬಿಟ್ಟಿನದು, ಹಾಗಾಗಿ ಅದರ ಬಾಲ ನಿಮ್ಮ ಸ್ಲಾಟಿನಿಂದ ಆಚೆಗೆ ತೂಗಾಡುತ್ತದೆ. ಹೆದರಬೇಡಿ. ಆ ಬಾಲಕ್ಕೆ ಬೋರ್ಡಿನ ಮೇಲೆ ಏನೂ ತಾಗದಿದ್ದರೆ ಸಾಕು. 8-ಬಿಟ್ ಸ್ಲಾಟಿನಲ್ಲಿ ಕೆಲಸ ಮಾಡುವ ಕಾರ್ಡುಗಳಲ್ಲಿ ಟ್ರೈಡೆಂಟ್ 9000 ಸರಣಿಗೆ ಒಳ್ಳೆ ಹೆಸರಿದೆ. ಕೆಲವು ಕಾರ್ಡ್ ಸ್ಲಾಟನ್ನು ತಾವೇ ಗುರುತಿಸುತ್ತವೆ, ಕೆಲವಕ್ಕೆ ಜಂಪರ್ (ಎರಡು ಪಿನ್ ಜೋಡಿಸುವ ಪುಟ್ಟ ಟೋಪಿ) ಬದಲಿಸಬೇಕು. ನಂತರದ ವರ್ಷಗಳ ವಿಜಿಎ ಕಾರ್ಡುಗಳಲ್ಲಿ ತೊಡಕು ಜಾಸ್ತಿ. ಕೆಲವು ಪೂರ್ತಿ 16-ಬಿಟ್ ಸ್ಲಾಟನ್ನೇ ಬೇಡುತ್ತವೆ. ಇನ್ನು ಕೆಲವುದರ ಬಯಾಸನ್ನು (ಆನ್ ಆದಾಗ ಮೊದಲು ಓಡುವ, ಚಿಪ್ಪಿನೊಳಗಿನ ಪ್ರೋಗ್ರಾಂ) 286, 386ರ ಆಜ್ಞೆಗಳಲ್ಲಿ ಬರೆದಿರುತ್ತಾರೆ, 8088ಕ್ಕೆ ಅದು ಅರ್ಥವಾಗುವುದಿಲ್ಲ. 8088 ತೆಗೆದು ಅದೇ ಸಾಕೆಟ್ಟಿಗೆ ಎನ್‌ಇಸಿಯ ವಿ20 ಚಿಪ್ ಹಾಕಿದರೆ ಕೆಲವೊಮ್ಮೆ ದಾರಿಯಾಗುತ್ತದೆ. ಅದಕ್ಕೆ 80186ರ ಆಜ್ಞೆಗಳು ಗೊತ್ತು. ಆದರೂ ಅಂಗಡಿಯವರ ಹತ್ತಿರ ‘ನಡೆಯದಿದ್ದರೆ ವಾಪಸ್’ ಅಂತ ಮಾತಾಡಿಕೊಂಡೇ ತನ್ನಿ.

ಕಾರ್ಡ್ ಬದಲಿಸಿದರೆ ಬೋರ್ಡಿನ ಪುಟಾಣಿ ಸ್ವಿಚ್ಚುಗಳನ್ನೂ ಬದಲಿಸಬೇಕು. ಹೆಚ್ಚಿನ ಎಕ್ಸ್‌ಟಿಗಳಲ್ಲಿ 8 ಸ್ವಿಚ್ಚಿನ ಒಂದು ಸಾಲಿರುತ್ತದೆ. ಅದರಲ್ಲಿ 5 ಮತ್ತು 6 ಡಿಸ್‌ಪ್ಲೇಯದು. ಹರ್ಕ್ಯುಲಿಸ್‌ಗೆ ಎರಡೂ ಆಫ್, ವಿಜಿಎಗೆ ಎರಡೂ ಆನ್. ಇದು ತಪ್ಪಿದರೂ ಅದೇ ಬೀಪ್ ಬರಬಹುದು. ವಿಜಿಎ ಹಾಕಿದ ಮೇಲೆ ಲೋಟಸ್‌ನಲ್ಲಿ ಗ್ರಾಫ್ ಬರದಿದ್ದರೆ ಅದರ ಇನ್‌ಸ್ಟಾಲ್ ಪ್ರೋಗ್ರಾಂ ಓಡಿಸಿ ಡಿಸ್‌ಪ್ಲೇ ಬದಲಿಸಿ. ಅಪ್ಪನ ಅಂಕಿಗಳಿಗೆ ಏನೂ ಆಗುವುದಿಲ್ಲ.

ಪ್ರಶ್ನೆ: ಅಮೆರಿಕದಲ್ಲಿದ್ದ ಚಿಕ್ಕಪ್ಪ ತಂದ ಅಸಲಿ ಐಬಿಎಂ ಪಿಸಿ 5150 ನಮ್ಮಲ್ಲಿದೆ. ಸಿಜಿಎ ಕಾರ್ಡಿನಲ್ಲಿ ಚೆನ್ನಾಗಿ ಓಡುತ್ತದೆ. ಎಕ್ಸ್‌ಟಿಯಲ್ಲಿ ನಡೆದ ವಿಜಿಎ ಕಾರ್ಡನ್ನು ಹಾಕಿದರೆ ಇದರಲ್ಲಿ ಏನೂ ಬರುವುದಿಲ್ಲ. ಯಾಕೆ?
– ಹಾಸನದ ಓದುಗರು

ಉತ್ತರ: ಕಾರ್ಡಿನ ತಪ್ಪಲ್ಲ, ಬೋರ್ಡಿನ ಬಯಾಸ್ ಹಳೆಯದಿರಬೇಕು. ಇಜಿಎ, ವಿಜಿಎ ಕಾರ್ಡುಗಳ ಮೇಲೆ ಅವುಗಳದ್ದೇ ಬಯಾಸ್ ತುಂಬಿದ ರೋಮ್ (ROM) ಚಿಪ್ ಇರುತ್ತದೆ. ಯಂತ್ರ ಆನ್ ಆದಾಗ ಬಯಾಸ್ ಅದನ್ನು ಹುಡುಕಿ ಓಡಿಸಬೇಕು. 1981ರಲ್ಲಿ ಬಂದ ಮೊದಲ 5150ಗಳ ಬಯಾಸ್‌ಗೆ ಹುಡುಕುವ ಅಭ್ಯಾಸವೇ ಇಲ್ಲ. ಸಿಜಿಎ ಕಾರ್ಡ್ ವಾಪಸ್ ಹಾಕಿ, ಡಾಸ್‌ನಲ್ಲಿ ಡೀಬಗ್ (ಮೆಮೊರಿಯೊಳಗೆ ಇಣುಕಿ ನೋಡುವ ಪ್ರೋಗ್ರಾಂ) ತೆರೆದು ಎಫ್000:ಎಫ್ಎಫ್ಎಫ್5 (F000:FFF5) ವಿಳಾಸ ನೋಡಿ. ಅಲ್ಲಿ ತಾರೀಖು ಕಾಣುತ್ತದೆ, ತಿಂಗಳು ಮೊದಲು. 10/27/82 ಇದ್ದರೆ ವಿಜಿಎ ನಡೆಯಬೇಕು. ಆಗ ಸ್ವಿಚ್ಚುಗಳನ್ನು ನೋಡಿ. ಅದಕ್ಕಿಂತ ಹಿಂದಿನದಾದರೆ ಯು33 ಸಾಕೆಟ್ಟಿನ ಚಿಪ್ ಬದಲಿಸಬೇಕು. ಆ ಸಾಕೆಟ್ಟು 24 ಪಿನ್ನಿನದು. ಸುಲಭವಾಗಿ ಸಿಗುವ 2764 ಇಪ್ರಾಮ್‌ಗೆ (ಅಳಿಸಿ ಮತ್ತೆ ಬರೆಯಬಹುದಾದ ಚಿಪ್) 28 ಪಿನ್, ಮಧ್ಯೆ ಅಡಾಪ್ಟರ್ ಬೇಕೇಬೇಕು.

ಇನ್ನೊಂದು ಮಾತು. 5150ರ ಪವರ್ ಸಪ್ಲೈ 63.5 ವಾಟ್ ಮಾತ್ರ, ಎಕ್ಸ್‌ಟಿಯದು 130. ಈಗಾಗಲೇ ಹಾರ್ಡ್ ಡಿಸ್ಕ್, ಮೆಮೊರಿ ಕಾರ್ಡ್ ಎಲ್ಲ ತುಂಬಿದ್ದರೆ ಚಿಪ್ಪು ದಟ್ಟವಾಗಿರುವ ಹಳೇ ಉದ್ದ ಕಾರ್ಡ್ ಬೇಡ, ಗಿಡ್ಡ ಕಾರ್ಡ್ ಆರಿಸಿ. ಅಮೆರಿಕದಿಂದ ಬಂದದ್ದು ಅಂದಿರಿ, ಅದು 120 ವೋಲ್ಟಿನ ಸಪ್ಲೈ ಆಗಿರಬಹುದು. ನೀವು ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಇಟ್ಟುಕೊಂಡೇ ಓಡಿಸುತ್ತಿರಬೇಕು, ಅಲ್ವಾ? ಅದರ ಮೇಲೆ ಅಂಟಿಸಿರುವ ವಾಟ್ ಎಷ್ಟು ಅಂತಲೂ ಒಮ್ಮೆ ನೋಡಿಬಿಡಿ.