ರಿಲೇಯನ್ನು ಪಿನ್‌ಗೆ ನೇರವಾಗಿ ಜೋಡಿಸಬಹುದೇ?

ಪ್ರಶ್ನೆ: ಮನೆಯ ಮೇಲಿನ ಟ್ಯಾಂಕ್ ತುಂಬಿದೊಡನೆ ಅರ್ಧ ಎಚ್‌ಪಿ ಮೋಟರ್ ತಾನಾಗಿ ನಿಲ್ಲಲೆಂದು ಆರ್ಡುಯಿನೊ ಊನೊ ಎಂಬ ಪುಟ್ಟ ನಿಯಂತ್ರಕ ಬೋರ್ಡಿನ 8ನೇ ಪಿನ್‌ಗೆ 5 ವೋಲ್ಟಿನ ರಿಲೇಯನ್ನು (ಚಿಕ್ಕ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ಸ್ವಿಚ್ಚನ್ನು) ನೇರವಾಗಿ ಜೋಡಿಸಿದ್ದೆ. ಮೋಟರ್ ನಿಲ್ಲುವಾಗಲೆಲ್ಲ ಬೋರ್ಡ್ ರೀಸೆಟ್ ಆಗುತ್ತಿತ್ತು. ಎರಡು ದಿನದ ನಂತರ ಆ ಪಿನ್ ಕೆಲಸ ಮಾಡುವುದನ್ನೇ ಬಿಟ್ಟಿದೆ. ತಪ್ಪು ಎಲ್ಲಾಯಿತು?
— ಒಬ್ಬ ಓದುಗರು, ತಿಪಟೂರು

ಉತ್ತರ: ನೀವು ಬರೆದಿರುವ ಲಕ್ಷಣಗಳನ್ನು ನೋಡಿದರೆ ರಿಲೇ ಚೆನ್ನಾಗಿಯೇ ಇರಬೇಕು, ಸುಟ್ಟಿರುವುದು ಪಿನ್. ಊನೊದಲ್ಲಿರುವ ಎಟಿಮೆಗಾ 328ಪಿ ಚಿಪ್ಪಿನ ಒಂದು ಪಿನ್‌ನಿಂದ 20 ಮಿಲಿ ಆಂಪಿಯರ್ ಪಡೆಯುವುದು ಕ್ಷೇಮ, 40 ಮಿಲಿ ಆಂಪಿಯರ್ ಎಂಬುದು ದಾಟಲೇಬಾರದ ಗಡಿ. ಅಂಗಡಿಗಳಲ್ಲಿ ಸಿಗುವ ನೀಲಿ ಬಣ್ಣದ ಚಿಕ್ಕ ರಿಲೇಯ ಕಾಯಿಲ್‌ಗೆ (ಒಳಗಿನ ತಂತಿಯ ಸುರುಳಿಗೆ) ಮಲ್ಟಿಮೀಟರ್ ಹಿಡಿದು ನೋಡಿ, ಸುಮಾರು 70 ಓಮ್ ತೋರಿಸುತ್ತದೆ. ಎಂದರೆ 5 ವೋಲ್ಟಿಗೆ ಅದು ಎಳೆಯುವುದು 70 ಮಿಲಿ ಆಂಪಿಯರಿಗೂ ತುಸು ಹೆಚ್ಚು.

ಆದ್ದರಿಂದ ಪಿನ್ ಆಜ್ಞೆಯನ್ನಷ್ಟೇ ಕೊಡಲಿ, ಹೊರೆಯನ್ನು ಟ್ರಾನ್ಸಿಸ್ಟರ್ ಹೊರಲಿ. ಇದು ಬೇಸ್, ಎಮಿಟರ್, ಕಲೆಕ್ಟರ್ ಎಂಬ ಮೂರು ಕಾಲುಗಳ ಬಿಡಿಭಾಗ, ಬೇಸ್‌ಗೆ ಕೊಟ್ಟ ಚಿಕ್ಕ ಕರೆಂಟಿನಿಂದ ದೊಡ್ಡ ಕರೆಂಟನ್ನು ನಡೆಸುತ್ತದೆ. ಬಿಸಿ 547 ಎಂಬ ಟ್ರಾನ್ಸಿಸ್ಟರಿನ ಮಿತಿ 100 ಮಿಲಿ ಆಂಪಿಯರ್ ಆಗಿರುವುದರಿಂದ ಈ ಕೆಲಸಕ್ಕೆ ಅದು ತೀರಾ ಅಂಚಿನಲ್ಲಿ ನಿಲ್ಲುತ್ತದೆ. ನಾನಾದರೆ 2ಎನ್ 2222 ಆರಿಸುತ್ತೇನೆ. ಪಿನ್‌ನಿಂದ 1 ಕಿಲೋ ಓಮ್ ರೆಸಿಸ್ಟರ್ ಮೂಲಕ ಬೇಸ್‌ಗೆ ಬನ್ನಿ. ಹೀಗೆ ಬೇಸ್‌ಗೆ ಹರಿಯುವ 4 ಮಿಲಿ ಆಂಪಿಯರ್ ಟ್ರಾನ್ಸಿಸ್ಟರನ್ನು ಪೂರ್ತಿ ತೆರೆಯಲು ಸಾಕು. ಎಮಿಟರ್ ಗ್ರೌಂಡಿಗೆ, ಕಲೆಕ್ಟರ್ ಕಾಯಿಲ್‌ನ ಒಂದು ತುದಿಗೆ, ಕಾಯಿಲ್‌ನ ಇನ್ನೊಂದು ತುದಿ 5 ವೋಲ್ಟಿಗೆ. ರಿಲೇಗೆ ಬೇರೆ ಸಪ್ಲೈ ಕೊಟ್ಟರೆ ಎರಡರ ಗ್ರೌಂಡನ್ನೂ ಸೇರಿಸಲು ಮರೆಯಬೇಡಿ. 2222ರ ಕಾಲುಗಳ ಕ್ರಮ ತಯಾರಕರಿಂದ ತಯಾರಕರಿಗೆ ಬದಲಾಗುವುದರಿಂದ ಡೇಟಾಶೀಟ್ (ತಯಾರಕರ ವಿವರಪತ್ರ) ನೋಡದೆ ಬೆಸುಗೆ ಹಾಕಬೇಡಿ.

ಇನ್ನು ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಡಯೋಡ್. ಇದನ್ನು ಬಿಡುವವರೇ ಹೆಚ್ಚು, ಹಾಗಾಗಿ ಒತ್ತಿ ಹೇಳುತ್ತಿದ್ದೇನೆ. ಹರಿಯುತ್ತಿದ್ದ ಕರೆಂಟನ್ನು ತಟ್ಟನೆ ಕಡಿದಾಗ ಕಾಯಿಲ್ ಅದನ್ನು ಮುಂದುವರಿಸಲು ಹೆಣಗುತ್ತದೆ, ಆಗ ಅದರ ತುದಿಗಳಲ್ಲಿ ಏಳುವ ಉಲ್ಟಾ ವೋಲ್ಟೇಜ್ ನೂರು ವೋಲ್ಟನ್ನೂ ದಾಟಬಲ್ಲದು. ಸುಮಾರು 40 ವೋಲ್ಟನ್ನಷ್ಟೇ ತಾಳುವ ಟ್ರಾನ್ಸಿಸ್ಟರ್ ಅದರ ಮುಂದೆ ಉಳಿಯುವುದಿಲ್ಲ. 1ಎನ್ 4007 ಡಯೋಡನ್ನು ಕಾಯಿಲ್‌ಗೆ ಅಡ್ಡಲಾಗಿ, ಬೆಳ್ಳಿ ಗೆರೆ 5 ವೋಲ್ಟಿನ ಕಡೆ ಬರುವಂತೆ ಹಾಕಿದರೆ ಆ ಕರೆಂಟು ಡಯೋಡಿನಲ್ಲೇ ಸುತ್ತಿ ಕರಗುತ್ತದೆ. ಗೆರೆ ತಿರುಗಿದರೆ ಮೊದಲ ಸಲ ಆನ್ ಮಾಡಿದಾಗಲೇ ಟ್ರಾನ್ಸಿಸ್ಟರ್ ಸುಡುತ್ತದೆ.

ರೀಸೆಟ್‌ಗೆ ಕಾಯಿಲ್‌ನ ಈ ಉಲ್ಟಾ ವೋಲ್ಟೇಜ್ ಅಲ್ಲದೆ ಮೋಟರಿನ ಕಡೆಯೂ ಕಾರಣವಿರಬಹುದು: ರಿಲೇಯೊಳಗಿನ ಕಾಂಟ್ಯಾಕ್ಟ್ (ಸ್ವಿಚ್ಚಿನ ಲೋಹದ ತುದಿ) ಬಿಡುವಾಗ ಅಲ್ಲಿ ಕಿಡಿ ಹಾರುತ್ತದೆ. ರಿಲೇಯ ಮೇಲೆ 10 ಆಂಪಿಯರ್ ಎಂದು ಬರೆದಿದ್ದರೂ ಅದು ಹೀಟರಿನಂಥ ಹೊರೆಗೆ ಹೇಳಿದ ಮಾತು. ಮೋಟರ್ ಹೊರಡುವಾಗ ಓಡುವ ಕರೆಂಟಿನ ಹಲವು ಪಟ್ಟು ಎಳೆಯುವುದರಿಂದ ಕಾಂಟ್ಯಾಕ್ಟ್ ಅಂಟಿಕೊಂಡು ಮೋಟರ್ ನಿಲ್ಲದೇ ಹೋಗಬಹುದು. ಆದ್ದರಿಂದ ಈ ರಿಲೇಯಿಂದ ಕಾಂಟ್ಯಾಕ್ಟರಿನ (ಮೋಟರಿನಂಥ ಭಾರಿ ಹೊರೆಗೆಂದೇ ಮಾಡಿದ ದೊಡ್ಡ ರಿಲೇಯ) ಕಾಯಿಲನ್ನು ನಡೆಸಿ, ಮೋಟರನ್ನು ಕಾಂಟ್ಯಾಕ್ಟರಿಗೆ ಬಿಡಿ. 230 ವೋಲ್ಟಿನ ಆ ಜೋಡಣೆಯನ್ನು ವೈರಿಂಗ್ ಬಲ್ಲವರಿಂದಲೇ ಮಾಡಿಸಿ.

ಬೋರ್ಡನ್ನು ಎಸೆಯಬೇಡಿ. 330 ಓಮ್ ರೆಸಿಸ್ಟರಿನೊಡನೆ ಒಂದು ಎಲ್‌ಇಡಿಯನ್ನು ಉಳಿದ ಪಿನ್‌ಗಳಿಗೆ ಒಂದೊಂದಾಗಿ ಹಚ್ಚಿ ನೋಡಿ. ಬೆಳಗುವ ಪಿನ್‌ನಲ್ಲಿ ಕೆಲಸ ಮುಂದುವರಿಸಬಹುದು.